ಮಗಳಿಗೊಂದು ಪತ್ರ: ಕಿಟಕಿಗೆ ಕಟ್ಟಿದ ಕೆಂಪು ಹಗ್ಗ

ಪ್ರೀತಿಯ ಪುಟ್ಟಿ,

ಭಾನುವಾರ ರಾತ್ರಿ ನೀನು ಫೋನಿನಲ್ಲಿ ಅತ್ತಿದ್ದು ಇನ್ನೂ ಕಿವಿಯಲ್ಲೇ ಇದೆ. ಆ ಹೊತ್ತಿಗೆ ನನಗೆ ಏನು ಹೇಳಬೇಕೋ ತೋಚಲಿಲ್ಲ. ಎರಡು ದಿನ ಯೋಚಿಸಿ ಈಗ ಬರೆಯುತ್ತಿದ್ದೇನೆ.

ನಿನ್ನ ರೂಮಿನ ಹುಡುಗಿ ಮೊದಲ ಸಲ ನಿನ್ನ ಜೊತೆ ಚರ್ಚಿನ ಆರಾಧನೆಗೆ ಬಂದಿದ್ದಳು. ಮುಗಿದ ಮೇಲೆ ಹೊರಗೆ ಟೀ ಕುಡಿಯುವಾಗ ಯಾರೋ ಕೇಳಿದರು: ಯಾವ ಊರು, ಯಾರ ಮಗಳು, ಅಪ್ಪ ಏನು ಮಾಡುತ್ತಾರೆ. ಅವಳು ಇದ್ದದ್ದನ್ನು ಇದ್ದ ಹಾಗೆ ಹೇಳಿದಳು. ಅಪ್ಪ ಯಾರೋ ಗೊತ್ತಿಲ್ಲ, ಅವ್ವನಿಗೆ ಚಿಕ್ಕವಳಿದ್ದಾಗಲೇ ಮುತ್ತು ಕಟ್ಟಿ ದೇವದಾಸಿ ಮಾಡಿದ್ದರು ಅಂತ. ಅಷ್ಟೇ. ಕಪ್ ಕೆಳಗಿಡುವಷ್ಟರಲ್ಲಿ ಅವಳ ಸುತ್ತ ಯಾರೂ ಇರಲಿಲ್ಲ. "ಅಮ್ಮ, ಇನ್ನು ಆ ಸಭೆಗೆ ನಾನೂ ಹೋಗಲ್ಲ" ಅಂದೆ ನೀನು.

ನಿನ್ನ ಸಿಟ್ಟು ಸರಿಯಾಗಿಯೇ ಇದೆ ಪುಟ್ಟಿ. ಆದರೆ ಹೋಗುವುದನ್ನು ಬಿಡುವ ಮೊದಲು ಯೆಹೋಶುವನ ಪುಸ್ತಕದ 2ನೇ ಅಧ್ಯಾಯ ತೆಗೆದು ಓದು. ಸಂಡೇ ಸ್ಕೂಲಿನಲ್ಲಿ ನಿನಗೆ ಯೆರಿಕೋ ಊರಿನ ಗೋಡೆ ಬಿದ್ದ ಕಥೆ ಹೇಳಿಕೊಟ್ಟೆವು, ತುತ್ತೂರಿ ಊದಿಸಿ ಆಟ ಆಡಿಸಿದೆವು. ಆ ಗೋಡೆಯಲ್ಲಿ ಮನೆ ಮಾಡಿಕೊಂಡಿದ್ದ ಹೆಣ್ಣುಮಗಳ ವಿಷಯ ಮಾತ್ರ ಬೇಗ ಬೇಗ ದಾಟಿಸಿಬಿಟ್ಟೆವು. ಮಕ್ಕಳ ಮುಂದೆ ಅವಳ ಕಸುಬಿನ ಹೆಸರು ಹೇಳಲು ಸಂಕೋಚ, ಅದಕ್ಕೆ.

ಆ ಹೆಣ್ಣುಮಗಳೇ ರಾಹಾಬಳು, ಕಾನಾನ್ಯಳು. ಯೆರಿಕೋ ಅವಳ ಊರು. ಯೊರ್ದನ್ ಹೊಳೆಯ ಹತ್ತಿರ, ಸಮುದ್ರ ಮಟ್ಟಕ್ಕಿಂತ ಸುಮಾರು 250 ಮೀಟರ್ ಕೆಳಗಿರುವ, ಖರ್ಜೂರದ ಮರಗಳ ಊರು. ಅವಳು ಇಸ್ರಾಯೇಲಳಲ್ಲ, ಧರ್ಮಶಾಸ್ತ್ರ ಓದಿದವಳಲ್ಲ. ಮೋಶೆಯ ಮುಖ ನೋಡಿದವಳಲ್ಲ. ಮೇಲಾಗಿ ವೇಶ್ಯೆ. ಮೋಶೆಯ ನಂತರ ಇಸ್ರಾಯೇಲರ ನಾಯಕನಾದ ಯೆಹೋಶುವ, ಊರು ನೋಡಿ ಬರಲು ಶಿಟ್ಟೀಮಿನ ಪಾಳೆಯದಿಂದ ಕಳಿಸಿದ 2 ಗೂಢಚಾರರು ಬಂದು ಇಳಿದುಕೊಂಡಿದ್ದು ಇವಳ ಮನೆಯಲ್ಲೇ. ಸುದ್ದಿ ಅರಸನ ಕಿವಿಗೆ ಬಿತ್ತು, ಆಳುಗಳು ಬಾಗಿಲಿಗೆ ಬಂದರು. ಅಷ್ಟರೊಳಗೆ ಅವಳು ಆ ಇಬ್ಬರನ್ನೂ ಮಾಳಿಗೆ ಹತ್ತಿಸಿ ಅಗಸೆ ದಂಟಿನ ರಾಶಿಯೊಳಗೆ ಮುಚ್ಚಿಟ್ಟಿದ್ದಳು.

ಈ ಅಗಸೆ ದಂಟು ಓದುವಾಗೆಲ್ಲ ನನಗೆ ನಿನ್ನ ಅಜ್ಜಿಯ ಮನೆಯ ಮಾಳಿಗೆ ನೆನಪಾಗುತ್ತದೆ. ನೀನು ನೋಡಿಲ್ಲ, ನೀನು ಹುಟ್ಟುವ ಮೊದಲೇ ಅದು ಬಿದ್ದುಹೋಗಿತ್ತು. ನಾವು ಅಗಸಿ ಬೆಳೆಯುತ್ತಿದ್ದದ್ದು ಬೀಜಕ್ಕೆ, ಎಣ್ಣೆಗೆ, ಹಿಂಡಿಗೆ. ಅವರು ಅದರ ನಾರಿನಿಂದ ನಾರುಮಡಿ ನೇಯುತ್ತಿದ್ದರು. ಆದರೆ ಒಣಗಿದ ದಂಟು ದಂಟೇ ಅಲ್ವಾ. ಮೈಗೆ ತಾಗಿದರೆ ಚುಚ್ಚುತ್ತದೆ, ಸ್ವಲ್ಪ ಅಲುಗಾಡಿದರೂ ಸರಸರ ಸದ್ದು. ಅದರಡಿ ಉಸಿರು ಬಿಗಿಹಿಡಿದು ಮಲಗಿರುವ 2 ಗಂಡಸರು, ಕೆಳಗೆ ಬಾಗಿಲಲ್ಲಿ ಅರಸನ ಜನ, ನಡುವೆ ಈ ಹೆಂಗಸು ಒಬ್ಬಳೇ. ನಮ್ಮ ಕಡೆ ಊರ ಹೆಬ್ಬಾಗಿಲಿಗೂ ಅಗಸಿ ಅಂತಲೇ ಅನ್ನುತ್ತೇವೆ ನೋಡು. ಅಗಸಿ ಮುಚ್ಚುವ ಹೊತ್ತಿಗೆ ಅವರು ಹೊರಟುಹೋದರು, ಬೇಗ ಹೋದರೆ ಸಿಗುತ್ತಾರೆ ಅಂದಳು. ಸುಳ್ಳೇ ಹೇಳಿದಳು. ಅದನ್ನು ಸರಿ ಎಂದು ವಾದಿಸಲು ನನಗೆ ಬರುವುದಿಲ್ಲ. ಅವಳು ತನ್ನ ತಲೆಯನ್ನು ಪಣಕ್ಕಿಟ್ಟಳು ಅನ್ನುವುದು ಮಾತ್ರ ಗೊತ್ತು.

ಆಳುಗಳು ಹೋದ ಮೇಲೆ ಮಾಳಿಗೆಗೆ ಬಂದು ಅವಳು ಆಡಿದ ಮಾತು ಓದು. ನಿಮ್ಮ ದೇವರು ಕೆಂಪು ಸಮುದ್ರ ಬತ್ತಿಸಿದ್ದನ್ನು ಕೇಳಿದ್ದೇವೆ, ಸೀಹೋನ್, ಓಗ್ ಎಂಬ ಅರಸರಿಗೆ ಆದದ್ದನ್ನೂ ಕೇಳಿದ್ದೇವೆ, ಮೇಲೆ ಆಕಾಶದಲ್ಲೂ ಕೆಳಗೆ ಭೂಮಿಯಲ್ಲೂ ಆತನೇ ದೇವರು ಅಂತ. ಅವಳ ಹತ್ತಿರ ಇದ್ದದ್ದು ಕೇಳಿದ ಸುದ್ದಿ ಅಷ್ಟೇ. ಇಡೀ ಊರು ಅದೇ ಸುದ್ದಿ ಕೇಳಿತ್ತು, ಎಲ್ಲರ ಎದೆಯೂ ನೀರಾಗಿತ್ತು, ಆದರೆ ಹೆದರಿಕೆ ಬಿಟ್ಟು ಆತನ ಕಡೆಗೇ ಕೈಚಾಚಿದವಳು ಇವಳೊಬ್ಬಳು. ತನ್ನ ಜೀವ ಮಾತ್ರ ಉಳಿಸಿ ಎಂದು ಅವಳು ಕೇಳಲಿಲ್ಲ ಪುಟ್ಟಿ. ಅಪ್ಪ, ಅವ್ವ, ಅಣ್ಣತಮ್ಮ, ಅಕ್ಕತಂಗಿ, ಅವರಿಗೆ ಸೇರಿದವರೆಲ್ಲ ಉಳಿಯಬೇಕು ಅಂದಳು.

ನಾನು ಜಾಸ್ತಿ ಹೊತ್ತು ಕೂತು ಯೋಚಿಸುವುದು ಇಲ್ಲೇ. ಗೂಢಚಾರರು ಹಾಕಿದ ಷರತ್ತು ಏನು? ಕಿಟಕಿಗೆ ಕೆಂಪು ಹಗ್ಗ ಕಟ್ಟಿರಬೇಕು, ಅವಳ ಕಡೆಯವರೆಲ್ಲ ಅವಳ ಮನೆಯೊಳಗೇ ಇರಬೇಕು, ಬಾಗಿಲು ದಾಟಿದವರ ಹೊಣೆ ನಮ್ಮದಲ್ಲ. ಅವಳ ಮನೆಯೊಳಗೆ! ಅಂಥ ಮನೆಯ ಹೊಸ್ತಿಲನ್ನು ಹೆತ್ತ ಅಪ್ಪ ಎಂದಾದರೂ ತುಳಿದಿದ್ದನೋ ಇಲ್ಲವೋ. ಅಣ್ಣತಮ್ಮಂದಿರು ದಾರಿಯಲ್ಲಿ ಸಿಕ್ಕರೆ ಮಾತಾಡಿಸುತ್ತಿದ್ದರೋ, ಮುಖ ತಿರುಗಿಸುತ್ತಿದ್ದರೋ. ಸತ್ಯವೇದ ಇದನ್ನು ಹೇಳುವುದಿಲ್ಲ. ಆದರೆ ನಮ್ಮೂರುಗಳನ್ನು ಕಂಡ ನನಗೆ ಊಹಿಸಲು ಕಷ್ಟವಿಲ್ಲ. ಊರೆಲ್ಲ ಬೆರಳು ಮಾಡಿ ತೋರಿಸುತ್ತಿದ್ದ ಮನೆಯೇ ಆ ಕುಟುಂಬಕ್ಕೆ ಉಳಿದ ಒಂದೇ ಆಸರೆ ಆಯಿತು.

ಗೂಢಚಾರರನ್ನು ಕಿಟಕಿಯಿಂದ ಇಳಿಸಿ ಕಳಿಸಿ, ಅವಳು ಕೂಡಲೇ ಹಗ್ಗ ಕಟ್ಟಿದಳು. ನಾಳೆ ನೋಡೋಣ ಅನ್ನಲಿಲ್ಲ. ಆಮೇಲೆ ಕಾಯುವುದು. ಸುಗ್ಗಿಯ ಕಾಲ, ಹೊಳೆ ದಡ ಮೀರಿ ತುಂಬಿತ್ತು, ಇಸ್ರಾಯೇಲರು ಅದನ್ನು ದಾಟಿದರು, ಗಿಲ್ಗಾಲಿನಲ್ಲಿ ಪಸ್ಕ ಹಬ್ಬ ಆಚರಿಸಿದರು. ನಂತರ ಊರ ಸುತ್ತ ನಡಿಗೆ. 6 ದಿನ ದಿನಕ್ಕೊಂದು ಸುತ್ತು, 7ನೇ ದಿನ 7 ಸುತ್ತು, ಒಟ್ಟು 13. ಯಾಜಕರ ಕೊಂಬಿನ ಸದ್ದು ಬಿಟ್ಟರೆ ಜನರ ಬಾಯಿಂದ ಒಂದು ಮಾತಿಲ್ಲ. ಒಳಗೆ ಒಂದೇ ಮನೆಯಲ್ಲಿ ಮುದುಕರು, ಗಂಡಸರು, ಬಹುಶಃ ಕೈಗೂಸುಗಳೂ. ಹೊರಗೆ ಹೋಗುತ್ತೇನೆ ಅಂತ ಯಾರಾದರೂ ಎದ್ದಿರಲಾರರೇ? ಹೊರಗೆ ನೇತಾಡುವ ಹಗ್ಗ ಒಳಗೆ ಕೂತವರಿಗೆ ಪೂರಾ ಕಾಣುವುದೂ ಇಲ್ಲ. ಗಂಟು ಮಾತ್ರ ಕಾಣುತ್ತದೆ. ಆ ಗಂಟನ್ನೇ ನೋಡುತ್ತಾ, ಮಗಳ ಮಾತನ್ನು ನಂಬಿ ಕೂತರು.

ಗೋಡೆ ಬಿತ್ತು. ಊರಿನ ಉಳಿದವರಿಗೆ ಆದದ್ದನ್ನು ಓದುವಾಗ ಈಗಲೂ ನನ್ನ ಎದೆ ಭಾರವಾಗುತ್ತದೆ, ಅದನ್ನು ನಿನ್ನಿಂದ ಮುಚ್ಚಿಡುವುದಿಲ್ಲ. ಆದರೆ ಕೊಟ್ಟ ಮಾತಿನಂತೆ ಅದೇ ಇಬ್ಬರು ಹೋಗಿ ರಾಹಾಬಳನ್ನೂ ಅವಳ ಇಡೀ ಮನೆಯವರನ್ನೂ ಕರೆತಂದರು.

ಈಗ 6ನೇ ಅಧ್ಯಾಯದ 23ನೇ ವಚನ ನೋಡು. ಅವರನ್ನು ಪಾಳೆಯದ ಹೊರಗೆ ಇಟ್ಟರು ಅಂತಿದೆ. 25ನೇ ವಚನಕ್ಕೆ ಬಂದರೆ ಅವಳು ಇಸ್ರಾಯೇಲರ ನಡುವೆ ವಾಸವಾಗಿದ್ದಾಳೆ. ಹೊರಗಿನಿಂದ ನಡುವಿಗೆ ಬರಲು ಎಷ್ಟು ದಿನ ಹಿಡಿಯಿತೋ. ನಿನ್ನ ಗೆಳತಿಯನ್ನು ನಮ್ಮವರು ಟೀ ಮೇಜಿನ ಹತ್ತಿರ 23ನೇ ವಚನದಲ್ಲೇ ನಿಲ್ಲಿಸಿಬಿಟ್ಟರು. ಮುಂದಕ್ಕೆ ಓದಲೇ ಇಲ್ಲ.

ಅದರ ಮರು ಅಧ್ಯಾಯದಲ್ಲೇ ಆಕಾನ ಬರುತ್ತಾನೆ. ಯೆಹೂದ ಕುಲದವನು, ಒಳಗೇ ಹುಟ್ಟಿ ಬೆಳೆದವನು. ಅವನು ಮುಟ್ಟಬಾರದೆಂದಿದ್ದ ಕೊಳ್ಳೆಯಲ್ಲಿ ಒಂದು ನಿಲುವಂಗಿ, 200 ಶೆಕೆಲ್ ಬೆಳ್ಳಿ, 50 ಶೆಕೆಲ್ ತೂಕದ ಬಂಗಾರದ ಗಟ್ಟಿ ಕದ್ದು ಡೇರೆಯೊಳಗೆ ಹೂತಿಟ್ಟ. ತನ್ನ ಮನೆಯವರನ್ನೆಲ್ಲ ಜೊತೆಗೆ ಮುಳುಗಿಸಿದ. ಮುಂದೆ ರಾಹಾಬಳು ಸೇರಿದ್ದು ಯಾವ ಕುಲಕ್ಕೆ ಗೊತ್ತಾ? ಆಕಾನನಿದ್ದ ಆ ಯೆಹೂದ ಕುಲಕ್ಕೇ. ಮತ್ತಾಯನ 1ನೇ ಅಧ್ಯಾಯದಲ್ಲಿದೆ: ಸಲ್ಮೋನನಿಗೆ ರಾಹಾಬಳಲ್ಲಿ ಬೋವಜ ಹುಟ್ಟಿದ, ಬೋವಜನಿಗೆ ರೂತಳಲ್ಲಿ ಓಬೇದ, ಆಮೇಲೆ ಇಷಯ, ದಾವೀದ, ಹಾಗೇ ಇಳಿದು ಬಂದು ನಮ್ಮ ಕರ್ತನಾದ ಯೇಸು. ಪರದೇಶದ ರೂತಳನ್ನು ಹೊಲದಲ್ಲಿ ಕಂಡಾಗ ಬೋವಜ ಯಾಕೆ ಅಷ್ಟು ಮೃದುವಾಗಿ ಮಾತಾಡಿದ ಅಂತ ಮೊದಲು ಅನಿಸುತ್ತಿತ್ತು. ಅವನ ತಾಯಿಯ ಹೆಸರು ನೋಡಿದ ಮೇಲೆ ಅರ್ಥವಾಯಿತು.

ಇನ್ನೊಂದು ನೋಡು. ಇಬ್ರಿಯರಿಗೆ ಬರೆದ ಪತ್ರದಲ್ಲೂ ಯಾಕೋಬನ ಪತ್ರದಲ್ಲೂ ಅವಳ ನಂಬಿಕೆಯನ್ನು ಹೊಗಳಿದ್ದಾರೆ, ಆದರೆ ಹಳೆಯ ಕಸುಬಿನ ಹೆಸರು ಜೊತೆಗೇ ಇದೆ. 1ನೇ ಶತಮಾನದ ಕೊನೆಗೆ ರೋಮಿನ ಸಭೆಯ ಹಿರಿಯ ಕ್ಲೆಮೆಂಟ್ ಕೊರಿಂಥದ ಸಭೆಗೆ ಬರೆದಾಗಲೂ ಹಾಗೇ, ಅವಳ ಕೆಂಪು ಹಗ್ಗದಲ್ಲಿ ಕರ್ತನ ರಕ್ತದ ಗುರುತು ಕಂಡರೂ. ಮತ್ತಾಯನ ವಂಶಾವಳಿಯಲ್ಲಿ ಮಾತ್ರ ಆ ಪದ ಇಲ್ಲ. ಬರೀ ರಾಹಾಬ. ಯೇಸುವಿನ ಮನೆತನದ ಪಟ್ಟಿಯಲ್ಲಿ ಅವಳು ತನ್ನ ಹೆಸರಿನಿಂದ ನಿಂತಿದ್ದಾಳೆ.

ಒಂದು ಮಾತು ನಿನಗೆ ಇದುವರೆಗೆ ಹೇಳಿಲ್ಲ. ನೀನು 3 ವರ್ಷದವಳಿದ್ದಾಗ ನಮ್ಮ ಪ್ರಾರ್ಥನೆ ಕೂಟಕ್ಕೆ ಅಂಥದೇ ಹಿನ್ನೆಲೆಯ ಹೆಂಗಸೊಬ್ಬಳು ಬಂದಿದ್ದಳು. ನೀನು ಅವಳ ಮಡಿಲಿಗೆ ಹೋಗಿ ಕೂತೆ. ನಾನು ಎದ್ದು ಹೋಗಿ ನಿನ್ನನ್ನು ಎತ್ತಿಕೊಂಡು ಬಂದೆ. ಅವಳು ಏನೂ ಅನ್ನಲಿಲ್ಲ, ಸೆರಗು ಸರಿಮಾಡಿಕೊಂಡಳು ಅಷ್ಟೇ. ಮುಂದಿನ ವಾರ ಬರಲಿಲ್ಲ, ಮತ್ತೆ ಯಾವತ್ತೂ ಬರಲಿಲ್ಲ. ಅವಳಿಗೂ ಒಬ್ಬ ಅವ್ವ ಇದ್ದಿರಬೇಕು, ತಮ್ಮಂದಿರು ಇದ್ದಿರಬೇಕು. ಇದಕ್ಕಾಗಿ ಎಷ್ಟೋ ರಾತ್ರಿ ಕರ್ತನ ಮುಂದೆ ಅತ್ತಿದ್ದೇನೆ.

ಅದಕ್ಕೇ ಕೇಳಿಕೊಳ್ಳುತ್ತೇನೆ, ಸಭೆ ಬಿಡಬೇಡ. ಆ ಹುಡುಗಿಗೆ ಒತ್ತಾಯ ಮಾಡಬೇಡ, ಬರುತ್ತೇನೆ ಅಂದರೆ ಅವಳ ಪಕ್ಕದಲ್ಲೇ ಕೂರು. ಮುತ್ತು ಕಟ್ಟುವುದು ಕಾನೂನಿನ ಪ್ರಕಾರ ಅಪರಾಧ, ಅದರಲ್ಲಿ ಅವಳ ಅವ್ವನ ತಪ್ಪು ಏನೂ ಇಲ್ಲ, ಯಾರಾದರೂ ಮತ್ತೆ ಕೆದಕಿದರೆ ಇದನ್ನು ಅವರ ಮುಖಕ್ಕೇ ಹೇಳು. ಸಭೆಯ ಅಯ್ಯನವರ ಹತ್ತಿರವೂ ನೀನೇ ಹೋಗಿ ಮಾತಾಡು.

ಈಸ್ಟರ್‌ಗೆ ಊರಿಗೆ ಬರುವಾಗ ಅವಳನ್ನೂ ಕರೆದುಕೊಂಡು ಬಾ. ಅವಳ ಅವ್ವ ಬರಲು ಒಪ್ಪಿದರೆ ನಾನೇ ಬಸ್ ಸ್ಟ್ಯಾಂಡಿಗೆ ಬರುತ್ತೇನೆ. ಒಳಗಿನ ಕೋಣೆ ಖಾಲಿ ಮಾಡಿಸುತ್ತಿದ್ದೇನೆ, ಅಗಸಿ ಹಿಂಡಿಯನ್ನೂ ಈ ಸಲ ಎರಡು ಮನೆಗೆ ಆಗುವಷ್ಟು ಕುಟ್ಟಿಸುತ್ತೇನೆ. ಅವರಿಗೆ ಖಾರ ಹೇಗಿರಬೇಕು ಅಂತ ಕೇಳಿ ತಿಳಿಸು.

ನಿನ್ನ ಅಮ್ಮ