ತಟ್ಟೆಯಲ್ಲಿ ಸತ್ತ ಬ್ಯಾಕ್ಟೀರಿಯಾ ಮೈಯಲ್ಲೂ ಸಾಯುತ್ತದೆಯೇ?

ಮಾನ್ಯರೇ,

‘ಈ ಗಿಡಮೂಲಿಕೆ ಬ್ಯಾಕ್ಟೀರಿಯಾ ಕೊಲ್ಲುತ್ತದೆ’ ಎಂಬ ವರದಿಗಳು ಆಗಾಗ ಬರುತ್ತಿರುತ್ತವೆ. ಅವು ಸುಳ್ಳಲ್ಲ. ಆದರೆ ಎಷ್ಟು ಸಾಂದ್ರತೆಯಲ್ಲಿ ಕೊಂದಿತು ಎಂಬ ಸಂಖ್ಯೆಯನ್ನೇ ಬಿಟ್ಟಿರುತ್ತಾರೆ. ಪ್ರಯೋಗಾಲಯದ ತಟ್ಟೆಯಲ್ಲಿ ಉಪ್ಪು, ವಿನೆಗರ್ ಕೂಡ ಬ್ಯಾಕ್ಟೀರಿಯಾವನ್ನು ತಡೆಯುತ್ತವೆ.

ಲೆಕ್ಕ ಹಾಕಿ ನೋಡಿ. ಸಾರವೊಂದು ಮಿಲಿಲೀಟರಿಗೆ 1 ಮಿಲಿಗ್ರಾಂ ಇದ್ದಾಗ ಮಾತ್ರ ಕೆಲಸ ಮಾಡಿತು ಎನ್ನೋಣ. ವಯಸ್ಕರ ಮೈಯಲ್ಲಿ ಸುಮಾರು 5 ಲೀಟರ್ ರಕ್ತವಿದೆ. ಅಂದರೆ 5 ಗ್ರಾಂ ಸಾರ ಪೂರ್ತಿಯಾಗಿ ರಕ್ತದಲ್ಲೇ ಉಳಿಯಬೇಕು. ಅರಿಶಿನವನ್ನೇ ತೆಗೆದುಕೊಳ್ಳಿ: ಅದರ ಪುಡಿಯಲ್ಲಿ ಕರ್ಕ್ಯುಮಿನ್ ಎಂಬ ಔಷಧಾಂಶ ಇರುವುದೇ ಶೇ 3ರ ಆಸುಪಾಸು. 3 ಗ್ರಾಂ ಪುಡಿ ನುಂಗಿದರೆ ಸಿಗುವುದು ಸುಮಾರು 90 ಮಿಲಿಗ್ರಾಂ. ಅದರಲ್ಲೂ ಬಹುಪಾಲನ್ನು ಕರುಳು ಹೀರಿಕೊಳ್ಳುವುದಿಲ್ಲ, ಹೀರಿಕೊಂಡದ್ದನ್ನು ಯಕೃತ್ತು ಬೇಗನೆ ಬದಲಿಸಿಬಿಡುತ್ತದೆ. ಕಾಳುಮೆಣಸಿನ ಪೈಪರಿನ್ ಸೇರಿಸಿದರೆ ಹೆಚ್ಚು ಹೀರಿಕೆಯಾಗುತ್ತದೆ, ನಿಜ. ಆದರೆ ಅದು ಫೆನಿಟಾಯಿನ್‌ನಂಥ ಮೂರ್ಛೆರೋಗದ ಔಷಧದ ಪ್ರಮಾಣವನ್ನೂ ರಕ್ತದಲ್ಲಿ ಏರಿಸಬಲ್ಲದು.

ತಯಾರಿಸುವ ಕ್ರಮದಲ್ಲೂ ಎಡವಟ್ಟಾಗುತ್ತದೆ. ಇಡೀ ಬೆಳ್ಳುಳ್ಳಿ ಎಸಳಿನಲ್ಲಿ ಬ್ಯಾಕ್ಟೀರಿಯಾ ಕೊಲ್ಲುವ ಆಲಿಸಿನ್ ಎಂಬ ಅಂಶ ಇರುವುದಿಲ್ಲ. ಜಜ್ಜಿದಾಗ ಕಿಣ್ವ ಬೆರೆತು ಉಂಟಾಗುತ್ತದೆ. ಎಸಳನ್ನು ಹಾಗೇ ಕುದಿಸಿದರೆ ಕಿಣ್ವವೇ ಹಾಳು. ಹಸಿ ಬೆಳ್ಳುಳ್ಳಿ ಅರೆದು ಗಾಯಕ್ಕೆ ಕಟ್ಟಬೇಡಿ, ಚರ್ಮ ಸುಟ್ಟು ಬೊಬ್ಬೆ ಏಳುತ್ತದೆ.

ಮಲೇರಿಯಾಕ್ಕೆ ಮದ್ದು ಹುಡುಕುತ್ತಿದ್ದ ಚೀನಾದ ವಿಜ್ಞಾನಿ ತು ಯೂಯೂ ಅವರಿಗೂ ಬಿಸಿಯೇ ಅಡ್ಡಿಯಾಗಿತ್ತು. ಆರ್ಟೆಮಿಸಿಯಾ ಗಿಡವನ್ನು ನೀರಿನಲ್ಲಿ ನೆನೆಸಿ ಹಿಂಡಬೇಕೆಂಬ ಹಳೆಯ ಗ್ರಂಥದ ಮಾತಿನಿಂದ ಸುಳಿವು ಸಿಕ್ಕಿ, ಕಡಿಮೆ ಉಷ್ಣತೆಯಲ್ಲಿ ಈಥರ್ ಬಳಸಿ ಸಾರ ತೆಗೆದರು. 1972ರಲ್ಲಿ ಅವರ ತಂಡ ಅದರ ಔಷಧಾಂಶವಾದ ಆರ್ಟೆಮಿಸಿನಿನ್ ಅನ್ನು ಬೇರ್ಪಡಿಸಿತು. 2015ರಲ್ಲಿ ಅವರಿಗೆ ನೊಬೆಲ್ ಬಂತು. ಹಾಗಿದ್ದೂ ಮಲೇರಿಯಾಕ್ಕೆ ಆ ಗಿಡದ ಕಷಾಯವನ್ನು ವಿಶ್ವ ಆರೋಗ್ಯ ಸಂಸ್ಥೆ ಒಪ್ಪುವುದಿಲ್ಲ. ಎಲೆಯಿಂದ ಎಲೆಗೆ ಔಷಧಾಂಶ ಬದಲಾಗುತ್ತದೆ. ಕಡಿಮೆಯಾದರೆ ರೋಗಾಣು ಉಳಿದು, ಔಷಧಕ್ಕೆ ಒಗ್ಗಿಕೊಳ್ಳುವ ಅಪಾಯವಿದೆ.

ಆದ್ದರಿಂದ ಇಂಥ ವರದಿಯಲ್ಲಿ ಗಿಡದ ಯಾವ ಭಾಗ, ಎಷ್ಟು ಸಾಂದ್ರತೆ, ಪರೀಕ್ಷೆ ತಟ್ಟೆಯಲ್ಲೋ ರೋಗಿಗಳಲ್ಲೋ ಎಂಬುದನ್ನು ದಯವಿಟ್ಟು ಮುದ್ರಿಸಿ. ತಡೆಗೋ ಚಿಕಿತ್ಸೆಗೋ ಎಂಬುದನ್ನೂ ಹೇಳಿ. ಕ್ರ್ಯಾನ್‌ಬೆರಿ ಹಣ್ಣನ್ನೇ ನೋಡಿ: ಪದೇಪದೇ ಮೂತ್ರದ ಸೋಂಕಾಗುವ ಮಹಿಳೆಯರಲ್ಲಿ ಸೋಂಕು ಮರುಕಳಿಸುವುದನ್ನು ಅದು ಕಡಿಮೆ ಮಾಡುತ್ತದೆ ಎಂದು, ಹಲವು ಅಧ್ಯಯನಗಳನ್ನು ಒಟ್ಟಿಗೆ ತೂಗಿ ನೋಡಿದ 2023ರ ಕಾಕ್ರೇನ್ ಪರಾಮರ್ಶೆ ಹೇಳಿದೆ. ಆಗಲೇ ಬಂದಿರುವ ಸೋಂಕಿಗೆ ಅದು ಮದ್ದಲ್ಲ. ಉರಿಮೂತ್ರದ ಜೊತೆ ಚಳಿಜ್ವರ, ಪಕ್ಕೆನೋವು ಶುರುವಾದರೆ ಸೋಂಕು ಮೂತ್ರಪಿಂಡಕ್ಕೆ ಏರಿರಬಹುದು. ಆಗ ರಸ, ಕಷಾಯ ಅಂತ ಕಾಯದೆ ಅಂದೇ ವೈದ್ಯರನ್ನು ಕಾಣಬೇಕು.

– ಸೂಕ್ಷ್ಮಜೀವಿಶಾಸ್ತ್ರದ ಅಧ್ಯಾಪಕರು