ಬ್ರಸೆಲ್ಸ್ ಮೇಲೆ ಬಾವುಟ ಎಸೆದ ಪೈಲಟ್

ಮಾನ್ಯ ಸಂಪಾದಕರೇ,

ಎರಡನೇ ಮಹಾಯುದ್ಧದ ಮಾತು ಬಂದಾಗ ಬೆಲ್ಜಿಯಂನ ಪೈಲಟ್ ಜಾನ್ ದ ಸೆಲಿಸ್ ಲಾಂಗ್‌ಶಾಂ ಅವರನ್ನೂ ನೆನೆಯಬೇಕು. ಬ್ರಿಟನ್ ವಾಯುಪಡೆಯ 609ನೇ ಸ್ಕ್ವಾಡ್ರನ್‌ನಲ್ಲಿದ್ದ ಅವರು 1943ರ ಜನವರಿ 20ರಂದು, ಮೇಲಧಿಕಾರಿಗಳ ಅನುಮತಿಯಿಲ್ಲದೆ, ಜೊತೆಗಿದ್ದ ಪೈಲಟ್‌ನನ್ನು ವಾಪಸ್ ಕಳಿಸಿ, ಟೈಫೂನ್ ವಿಮಾನದಲ್ಲಿ ಒಬ್ಬರೇ ಬ್ರಸೆಲ್ಸ್‌ಗೆ ಹಾರಿದರು. ಅಲ್ಲಿನ ಅವೆನ್ಯೂ ಲೂಯಿಸ್ ರಸ್ತೆಯಲ್ಲಿದ್ದ ನಾಜಿಗಳ ರಹಸ್ಯ ಪೊಲೀಸ್ ಪಡೆ ಗೆಸ್ಟಾಪೊದ ಕಚೇರಿಯತ್ತ ತೀರಾ ಕೆಳಮಟ್ಟದಲ್ಲಿ ನುಗ್ಗಿ ಗುಂಡಿನ ಮಳೆಗರೆದರು. ಆಮೇಲೆ ಕಾಕ್‌ಪಿಟ್‌ನಿಂದ ಬೆಲ್ಜಿಯಂ ಬಾವುಟ ಎಸೆದರು. ನಾಜಿಗಳ ಹಿಡಿತದಲ್ಲಿ ನಲುಗುತ್ತಿದ್ದ ಜನರ ಎದೆ ಎಷ್ಟು ಉಬ್ಬಿರಬೇಡ! ಆಜ್ಞೆ ಮೀರಿದ್ದಕ್ಕೆ ಹಿಂಬಡ್ತಿ, ಸಾಹಸಕ್ಕೆ ಬ್ರಿಟನ್ನಿನ ಡಿಎಫ್‌ಸಿ (ಡಿಸ್ಟಿಂಗ್ವಿಶ್ಡ್ ಫ್ಲೈಯಿಂಗ್ ಕ್ರಾಸ್) ಶೌರ್ಯ ಪದಕ, ಎರಡೂ ಸಿಕ್ಕವು. ಅದೇ ವರ್ಷದ ಆಗಸ್ಟ್ 16ರಂದು ಕಾರ್ಯಾಚರಣೆ ಮುಗಿಸಿ ಇಂಗ್ಲೆಂಡಿನ ಮ್ಯಾನ್‌ಸ್ಟನ್‌ನಲ್ಲಿ ಇಳಿಯುವಾಗ ವಿಮಾನ ಅಪ್ಪಳಿಸಿ ತೀರಿಕೊಂಡರು. ಆಗಿನ್ನೂ 31 ವರ್ಷ. ಅವೆನ್ಯೂ ಲೂಯಿಸ್‌ನಲ್ಲಿ ಈಗ ಅವರ ಪ್ರತಿಮೆಯಿದೆ.

– ಒಬ್ಬ ಓದುಗ