ಯಾರ ಮುಂದೆ ಹಾಡಿದರು ಅಂತ ಬರಿ

ಪ್ರೀತಿಯ ತಂಗಿ,

ಚೀನಾದ ಗಾಯಕಿ ಪೆಂಗ್ ಲಿಯುವಾನ್ ಬಗ್ಗೆ ನೀನು ಕಳಿಸಿದ ಬರಹ ಎರಡು ಸಲ ಓದಿದೆ. ಶ್ರಮ ಹಾಕಿದ್ದೀಯ, ಕಾಣುತ್ತದೆ. ಆದರೆ ಮೊದಲ ಸಾಲಿನಲ್ಲೇ 'ಚೀನಾ ಅಧ್ಯಕ್ಷರ ಹೆಂಡತಿ' ಅಂದುಬಿಟ್ಟಿದ್ದೀಯಲ್ಲ, ಅಲ್ಲಿಗೇ ಗಾಯಕಿ ಮರೆಯಾದರು. 1987ರಲ್ಲಿ ಮದುವೆಯಾದಾಗ ಷಿ ಜಿನ್‌ಪಿಂಗ್ ಶಿಯಾಮೆನ್ ಊರಿನ ಉಪಮೇಯರ್ ಅಷ್ಟೇ. ಟಿವಿ ನೋಡುವ ಜನಕ್ಕೆ ಗೊತ್ತಿದ್ದದ್ದು ಈಕೆ.

ಊರಿನಿಂದ ಶುರು ಮಾಡು. 1962ರಲ್ಲಿ ಶಾಂಡಾಂಗ್ ಪ್ರಾಂತ್ಯದ ಯುಂಚೆಂಗ್‌ನಲ್ಲಿ ಹುಟ್ಟಿದವರು. ತಾಯಿ ಅಲ್ಲಿನ ಗೀತನಾಟಕ ಮಂಡಳಿಯ ಕಲಾವಿದೆ. 1980ರಲ್ಲಿ, ಇನ್ನೂ ಹದಿನೆಂಟು ತುಂಬುವ ವಯಸ್ಸಿನಲ್ಲಿ ಸೇನೆ ಸೇರಿದರು, ಹಾಡಲಿಕ್ಕೆ. ಇದು ನಮ್ಮ ಓದುಗರಿಗೆ ಹೊಸದು, ಬಿಡಿಸಿ ಹೇಳು. ಆಗ ಚೀನಾದ ಸೇನೆಯಲ್ಲಿ ಹಾಡು, ಕುಣಿತ, ನಾಟಕದವರದ್ದೇ ತಂಡಗಳಿದ್ದವು, 'ವೆನ್‌ಗೊಂಗ್‌ಟುವಾನ್' ಅಂತಿದ್ದರು. ಚೀನಾದ ಕಮ್ಯುನಿಸ್ಟರ ಕೆಂಪು ಸೇನೆ ಹಳ್ಳಿಹಳ್ಳಿ ಅಲೆಯುತ್ತಿದ್ದ ಕಾಲದ ಪ್ರಚಾರ ತಂಡಗಳೇ ಹೀಗೆ ಬೆಳೆದವು. ಸಂಬಳ, ಸಮವಸ್ತ್ರ, ದರ್ಜೆ ಎಲ್ಲ ಸೇನೆಯದ್ದು. ಎಲ್ಲಿ, ಯಾರ ಮುಂದೆ ಹಾಡಬೇಕು ಅನ್ನುವುದನ್ನೂ ಸೇನೆಯೇ ಹೇಳುತ್ತಿತ್ತು. (ಅವರನ್ನು ಮೇಜರ್ ಜನರಲ್ ಅಂತ ಬರೆದಿದ್ದೀಯ. ಅವರದ್ದು ಆ ಮಟ್ಟಕ್ಕೆ ಸಮನಾದ, ಸೇನೆಯೊಳಗಿನ ಸಿವಿಲಿಯನ್ ದರ್ಜೆ. ತಿದ್ದು.)

ಇನ್ನು ದನಿ. ಅದರ ಬಗ್ಗೆ ಇಡೀ ಬರಹದಲ್ಲಿ ಇರುವುದು 'ಸುಮಧುರ' ಅನ್ನುವ ಒಂದೇ ಪದ. ಅದನ್ನು ತೆಗೆ. ಯಾವ ಗಾಯಕಿಗೂ ಅಂಟಿಸಬಹುದಾದ ಪದ ಅದು, ಅಲ್ವಾ? ಪೆಂಗ್ ಕಲಿತದ್ದು ಜಿನ್ ಟಿಯೆಲಿನ್ ಹತ್ತಿರ. ಜಾನಪದ ಹಾಡಿನ ತೆರೆದ, ಹೊಳೆಯುವ ದನಿಗೆ ಇಟಲಿಯ ಒಪೆರಾದವರು ಉಸಿರು ಹಿಡಿಯುವ ರೀತಿಯನ್ನು ಕೂಡಿಸಿ, ಒಂದು ತಲೆಮಾರಿನ ಗಾಯಕರನ್ನೇ ತಯಾರು ಮಾಡಿದ ಗುರು ಅವರು. 1990ರಲ್ಲಿ ಪೆಂಗ್ ಇದೇ ಶೈಲಿಯಲ್ಲಿ ಸ್ನಾತಕೋತ್ತರ ಪದವಿ ಪಡೆದರು, ಚೀನಾದಲ್ಲಿ ಹಾಗೆ ಪಡೆದ ಮೊದಲಿಗರಲ್ಲಿ ಒಬ್ಬರು. 'ಬಿಳಿಗೂದಲ ಹುಡುಗಿ' ಅನ್ನುವ ಗೀತನಾಟಕದಲ್ಲಿ, ಜಮೀನ್ದಾರನ ಕಾಟ ತಾಳದೆ ಬೆಟ್ಟದ ಗುಹೆ ಸೇರಿ ಕೂದಲೆಲ್ಲ ಬೆಳ್ಳಗಾದ ಬಡವರ ಮಗಳ ಪಾತ್ರ ಮಾಡಿದರು. ಅದರ ಒಂದು ಹಾಡನ್ನು ಕಣ್ಣು ಮುಚ್ಚಿ ಕೇಳು. ಭಾಷೆ ಬರದಿದ್ದರೂ ಪರವಾಗಿಲ್ಲ. ಎಲ್ಲಿ ಉಸಿರು ತೆಗೆದುಕೊಳ್ಳುತ್ತಾರೆ, ಎಲ್ಲಿ ದನಿ ಗಂಟಲಿಗೆ ಇಳಿಯುತ್ತದೆ, ಅಷ್ಟು ಗುರುತು ಮಾಡಿಕೊಂಡರೂ 'ಸುಮಧುರ'ದ ಜಾಗದಲ್ಲಿ ಬರೆಯಲು ನಿನಗೆ ಏನಾದರೂ ಸಿಗುತ್ತದೆ.

ಈಗ ನಿನ್ನ ಮೇಲೆ ನನಗೆ ಬೇಜಾರಾದ ಜಾಗಕ್ಕೆ ಬರುತ್ತೇನೆ. 1989ರ ಒಂದು ಫೋಟೋ ಇದೆ. ಜೂನ್ 4ರಂದು ಬೀಜಿಂಗ್‌ನಲ್ಲಿ ಸೇನೆ ತನ್ನದೇ ಜನರ ಮೇಲೆ ಗುಂಡು ಹಾರಿಸಿತು. ಅದಾದ ಮೇಲೆ ತಿಯಾನನ್‌ಮೆನ್ ಚೌಕದಲ್ಲಿ ಹೆಲ್ಮೆಟ್ ಹಾಕಿ, ಸಾಲಾಗಿ ಕುಳಿತ ಸೈನಿಕರಿಗೆ ಹಸಿರು ಸಮವಸ್ತ್ರದ ಪೆಂಗ್ ಹಾಡುತ್ತಿರುವ ಚಿತ್ರ ಅದು. 2013ರಲ್ಲಿ ಅಂತರ್ಜಾಲದಲ್ಲಿ ಮತ್ತೆ ಹರಡಿತು, ಚೀನಾದೊಳಗೆ ಬೇಗನೆ ಅಳಿಸಿಹಾಕಿದರು. ಇಷ್ಟು ಓದಿಕೊಂಡ ನೀನು ಇದನ್ನು ನೋಡಿರಲೇಬೇಕು. ಆದರೂ ಬಿಟ್ಟಿದ್ದೀಯ. ನಾನೂ ಹಿಂದೆ ಒಬ್ಬ ಹಿರಿಯ ಕಲಾವಿದರ ಬಗ್ಗೆ ಬರೆಯುವಾಗ, ಅವರಿಗೆ ನೋವಾಗುತ್ತದೆ ಅಂತ ಒಂದು ಸಂಗತಿ ಬಿಟ್ಟಿದ್ದೆ. ಆ ಲೇಖನವನ್ನು ಇವತ್ತಿಗೂ ತೆರೆದು ಓದಲು ಆಗುವುದಿಲ್ಲ. ಫೋಟೋವನ್ನು ಸೇರಿಸು. ಬೈಯಬೇಡ, ಸಮರ್ಥಿಸಲೂ ಬೇಡ. ಸೇನೆಯ ಗಾಯಕಿಗೆ ಕೇಳುಗರನ್ನು ಆರಿಸಿಕೊಳ್ಳುವ ಅವಕಾಶ ಎಷ್ಟಿತ್ತು ಅನ್ನುವ ಪ್ರಶ್ನೆ ಇದೆ ನೋಡು, ಅದು ಅಲ್ಲೇ ಹುಟ್ಟುತ್ತದೆ. ನಿನ್ನ ಬರಹದ ಜೀವ ಅಲ್ಲಿದೆ ಅಂತ ನನ್ನ ನಂಬಿಕೆ.

ಆಮೇಲಿನದ್ದು ಬೇಗ ಮುಗಿಸಬಹುದು. 2005ರಲ್ಲಿ ನ್ಯೂಯಾರ್ಕಿನ ಲಿಂಕನ್ ಸೆಂಟರ್‌ನಲ್ಲಿ, ಒಪೆರಾದಲ್ಲಿ ಚೀನಾದ ದಂತಕಥೆಯ ಯೋಧೆ ಮುಲಾನ್ ಪಾತ್ರ. 2011ರಲ್ಲಿ ಕ್ಷಯ ಮತ್ತು ಎಚ್‌ಐವಿ ಕುರಿತು ವಿಶ್ವ ಆರೋಗ್ಯ ಸಂಸ್ಥೆಯ ಸದ್ಭಾವನಾ ರಾಯಭಾರಿ. ಬಟ್ಟೆ, ಕೈಚೀಲದ ವಿವರ ಜಾಸ್ತಿಯಾಗಿದೆ, ಕತ್ತರಿಸು. ಆದರೆ ಒಂದು ವಿಷಯ ಮಾತ್ರ ಓಡಿಸಬೇಡ. ಗಂಡ ಮೇಲೇರುತ್ತಾ ಹೋದಂತೆ ಈಕೆ ವೇದಿಕೆಯಿಂದ ದೂರವಾದರು. ಬದುಕಿಡೀ ಹಾಡಿದ ಹೆಂಗಸು ಹಾಡು ನಿಲ್ಲಿಸಿದರು. ಅದರ ಬಗ್ಗೆ ನೀನು ಅರ್ಧ ಸಾಲು ಬರೆದಿದ್ದೀಯ.

ಹದಿನೈದು ದಿನ ತೆಗೆದುಕೊ. ತಿದ್ದಿದ್ದನ್ನು ಕಳಿಸು, ಫೋಟೋದ ಭಾಗವನ್ನೇ ನಾನು ಮೊದಲು ಓದುತ್ತೇನೆ.

ನಿನ್ನ ಅಣ್ಣ